ಬಿಟ್ಟುಹೋದ ‘ಅಂತೆ’

ಬೆಳಿಗ್ಗೆ ಬ್ರೆಡ್ಡಿನ ಒಣಗಿದ ಅಂಚನ್ನು ಕಚ್ಚಿದಾಗ ಕಟಕ್ ಎಂದದ್ದು ಬ್ರೆಡ್ಡಲ್ಲ, ತನ್ನ ಹಲ್ಲು ಎಂದು ಗೊತ್ತಾಗಲು ಅವನಿಗೆ ತುಸು ಹೊತ್ತು ಹಿಡಿಯಿತು. ನಾಲಿಗೆ ತಾನಾಗಿಯೇ ಹೋಗಿ ನೋಡಿಕೊಂಡು ಬಂತು. ಬಲಗಡೆ, ಕೆಳಸಾಲಿನ ದವಡೆಹಲ್ಲು ಅರ್ಧ ಇರಲಿಲ್ಲ. ಉಳಿದರ್ಧ ಚೂಪಾಗಿ ನಿಂತು, ವಿಚಾರಿಸಲು ಬಂದ ನಾಲಿಗೆಯನ್ನೇ ಗೀರಿತು. ಇವತ್ತೇ ಆಗಬೇಕಿತ್ತೆ ಇದು? ಸಂಜೆ ನಗರದ ಗ್ರಂಥಾಲಯದ ಸಭಾಂಗಣದಲ್ಲಿ ಅವನ ಉಪನ್ಯಾಸವಿತ್ತು, ‘ಬರವಣಿಗೆಯ ಕಸುಬು’ ಎಂಬ ವಿಷಯದ ಮೇಲೆ. ಬಾಯಿಗೆ ಬಂದದ್ದನ್ನು ಮಾತಾಡುವ ಲೇಖಕರಿದ್ದಾರೆ. ಅವನು ಬಾಯಿಗೆ ಏನೂ ಬಾರದ ಲೇಖಕ. ಹೆಸರು ಮಾಡಿದ್ದೂ ಹಾಗೆಯೇ, ಮೌನದ ಕಥೆಗಾರ ಎಂದು. ಸಭೆಯಲ್ಲಿ ಎದ್ದು ನಿಂತರೆ ಮೌನವೊಂದೇ ಒದಗಿಬರುತ್ತಿದ್ದುದರಿಂದ ಈ ಸಲ ಒಂದೊಂದು ಮಾತನ್ನೂ ಬರೆದು, ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿ, ಎಲ್ಲಿ ಸುಳ್ಳು ಸದ್ದು ಬರುತ್ತದೋ ಅಲ್ಲಿ ಹೊಡೆದುಹಾಕಿ, ಮತ್ತೆ ಬರೆದು ಇಟ್ಟುಕೊಂಡಿದ್ದ. ಸ್ನಾನದ ಮನೆಯಲ್ಲಿ ಓದುವುದು ಅವನ ಹಳೆಯ ಪದ್ಧತಿ. ಕೋಣೆಯಲ್ಲಿ ಓದಿದರೆ ಎಲ್ಲ ವಾಕ್ಯವೂ ಸಭ್ಯವಾಗಿಯೇ ಕೇಳುತ್ತದೆ. ಟೈಲ್ಸಿನ ಗೋಡೆಗಳ ನಡುವೆ ಓದಿದರೆ ಠಕ್ಕ ವಾಕ್ಯ ಎರಡು ಸಲ ಕೇಳಿಸಿ ಸಿಕ್ಕಿಬೀಳುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಹೊರಗಿನಿಂದ ಗಾಬರಿಯಾಗಿ, “ಒಳಗೆ ಇನ್ಯಾರಿದಾರ್ರೀ?” ಎಂದು ಕೇಳಿದ್ದಳು. ಈಗೀಗ, “ಇವತ್ತಿಂದು ಪರವಾಗಿಲ್ಲ, ಬೇಗ ಬನ್ನಿ, ನೀರು ಆರುತ್ತೆ,” ಎಂದಷ್ಟೇ ಹೇಳುತ್ತಾಳೆ.

ಅಂಗೈ ಮೇಲಿನ ಹಲ್ಲಿನ ಚೂರನ್ನು ನೋಡಿ ಅವಳು, “ಅಕ್ಕನ ಹತ್ರ ಹೋಗಿ,” ಎಂದಳು.

“ಸಂಜೇದು ಮುಗೀಲಿ, ನಾಳೆ ನೋಡೋಣ.”

“ಆ ಚೂಪು ಇಟ್ಕೊಂಡು ಭಾಷಣ ಮಾಡಿದ್ರೆ ನಾಲಿಗೆ ಸೀಳಿ ಎರಡಾಗುತ್ತೆ. ಸಾಹಿತಿಗಳಿಗೆ ಎರಡು ನಾಲಿಗೆ ಅಂತ ಜನ ಮೊದಲೇ ಅಂತಾರೆ.” ಅವಳು ಬಟ್ಟಲನ್ನು ಎತ್ತಿಕೊಂಡು ಹೋಗುತ್ತ ನಿಂತಳು. “ಅಲ್ರೀ, ಒಡಹುಟ್ಟಿದ ಅಕ್ಕ ಹಲ್ಲಿನ ಡಾಕ್ಟ್ರು. ನೀವು ನೋಡಿದ್ರೆ ಇಷ್ಟು ವರ್ಷ ಊರಾಚೆ ಆ ಮುದುಕನ ಹತ್ರ ಹೋಗಿ ಬಾಯಿ ತೆರೀತಿದ್ರಿ. ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ. ಈಗ ಆ ಮುದುಕನೂ ಬಾಗಿಲು ಮುಚ್ಚಿ ಮಗಳ ಮನೆಗೆ ಹೋದ. ಇನ್ನೇನು ನೆಪ ಹೇಳ್ತೀರೋ ಹೇಳಿ, ಕೇಳೋಣ.”

ನೆಪ ಇರಲಿಲ್ಲ. ಕಾರಣ ಇತ್ತು, ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅವನಿಗೆ ಅಕ್ಕನೆಂದರೆ ಹೆದರಿಕೆ. ಸುತ್ತ ಜನ ಇದ್ದಾಗ, ಊಟದ ಮೇಜಿನಲ್ಲಿ, ಮೊಮ್ಮಕ್ಕಳ ಗಲಾಟೆಯಲ್ಲಿ ಅವಳ ಜೊತೆ ಎಷ್ಟು ಹೊತ್ತು ಬೇಕಾದರೂ ಇರಬಲ್ಲ. ಒಬ್ಬನೇ ಸಿಕ್ಕಿಬೀಳಬಾರದು, ಅದರಲ್ಲೂ ಎದ್ದು ಓಡಲಾಗದ ಕುರ್ಚಿಯಲ್ಲಿ, ಅಂಗಾತ, ಬಾಯಿ ತೆರೆದುಕೊಂಡು. ಅಲ್ಲಿ ಅವಳು ಆ ಕಥೆಯ ಮಾತೆತ್ತಿದರೆ? ಆ ಕಥೆ ಎಂದರೆ ಮೆಟ್ಟಿಲಿನ ಕಥೆ. ಅದಕ್ಕೆ ಬೇರೆ ಹೆಸರಿದೆ, ಆದರೆ ಎಲ್ಲರೂ ಹಾಗೆಯೇ ಕರೆಯುವುದು. ಮದುವೆ ನೋಂದಣಿಯ ಅರ್ಜಿಗೆ ಇಬ್ಬರೂ ಬಂದು ಸಹಿ ಹಾಕಬೇಕಾದ ದಿನ ಒಬ್ಬ ಹುಡುಗಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಕಾಯುತ್ತಾಳೆ. ಹುಡುಗ ಬರುವುದಿಲ್ಲ. ಸಂಜೆ ಕಚೇರಿಗೆ ಬೀಗ ಬೀಳುತ್ತದೆ. ಹುಡುಗಿ ಸದ್ದಿಲ್ಲದೆ ಅಳುತ್ತಾಳೆ, ಎದ್ದು ಮನೆಗೆ ನಡೆಯುತ್ತಾಳೆ. ಅಷ್ಟೇ. ಓದಿದವರೆಲ್ಲ ಅತ್ತರು, ವಿಮರ್ಶಕರು ಕೂಡ, ಅದೂ ವೇದಿಕೆಯ ಮೇಲೆ. ಶಾಲೆಯ ಪಠ್ಯವಾಯಿತು, ನಾಟಕವಾಯಿತು, ಅವನನ್ನು ಎತ್ತಿ ಕೂರಿಸಿತು. ಆ ಹುಡುಗಿ ಅಕ್ಕ. ಅವಳ ಬಾಳಿನ ಅತಿ ಕೆಟ್ಟ ದಿನವನ್ನು ಅವಳನ್ನು ಒಂದು ಮಾತೂ ಕೇಳದೆ ಎತ್ತಿಕೊಂಡು ಹೋಗಿ ಊರಿಗೆಲ್ಲ ಹಂಚಿದ ತಮ್ಮ ತಾನು. ಕಥೆ ಅಚ್ಚಾದಾಗ ಅಕ್ಕ ಓದಿ ಪತ್ರಿಕೆಯನ್ನು ಮಡಿಚಿ, “ಅಕ್ಷರ ಸಣ್ಣದಾಯ್ತು ಕಣೋ,” ಎಂದಿದ್ದಳು. ಅಂದಿನಿಂದ ಇಂದಿನವರೆಗೆ ಅದರ ಬಗ್ಗೆ ಅವಳಾಡಿದ ಮಾತು ಅದೊಂದೇ. ಪ್ರತಿ ಸನ್ಮಾನಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಅವನು ಒಮ್ಮೆಯೂ ಆ ಕಡೆ ನೋಡಿದವನಲ್ಲ.

ಅಕ್ಕನ ಕ್ಲಿನಿಕ್ ತೆರೆಯುವುದು ಮಧ್ಯಾಹ್ನದ ಮೇಲೆ. ಅಲ್ಲಿಂದ ಹಾಗೆಯೇ ಗ್ರಂಥಾಲಯಕ್ಕೆ ಹೋದರಾಯಿತು ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಉಪನ್ಯಾಸದ ಹಾಳೆಗಳನ್ನು ಚೀಲಕ್ಕಿಟ್ಟು, ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಹೊರಟ. ಬೀದಿಯಲ್ಲಿ ಅಂಗಡಿಗಳವರು ಊಟ ಮುಗಿಸಿ ಅರ್ಧ ಎಳೆದ ಷಟರುಗಳನ್ನು ಮತ್ತೆ ಮೇಲಕ್ಕೆ ದೂಡುತ್ತಿದ್ದರು. ಬೀಗ ರಿಪೇರಿಯವನ ಪೆಟ್ಟಿಗೆಯ ಮುಂದೆ ಒಬ್ಬಳು ಹೆಂಗಸು ತನ್ನ ಕೀಲಿಯನ್ನು ಹುಷಾರು ತಪ್ಪಿದ ಮಗುವಿನ ಹಾಗೆ ಹಿಡಿದು ನಿಂತಿದ್ದಳು. ಅವನು ಆ ಹೋಲಿಕೆಯನ್ನು ತಕ್ಷಣ ಹೊಡೆದುಹಾಕಿದ. ಕೀಲಿ ಹಿಡಿದು ನಿಂತಿದ್ದಳು, ಸಾಕು. ಸಂಜೆ ಹೇಳಬೇಕಾದದ್ದೂ ಮುಖ್ಯವಾಗಿ ಇದನ್ನೇ. ಅವನು ಬರೆಯಲು ಶುರುಮಾಡಿದ ಕಾಲದಲ್ಲಿ ಎಲ್ಲೆಲ್ಲೂ ‘ಅಂತೆ’ಯ ಹಾವಳಿ. ಮುಖ ಚಂದ್ರನಂತೆ, ನಡಿಗೆ ನದಿಯಂತೆ, ನದಿ ನಾಚಿದ ಹೆಣ್ಣಿನಂತೆ. ಯಾವ ವಸ್ತುವಿಗೂ ತಾನು ತಾನಾಗಿ ಇರಲು ಬಿಡುವಿಲ್ಲ. ಅವನೂ ಅವನ ವಾರಿಗೆಯ ಇಬ್ಬರು ಗೆಳೆಯರೂ ಒಂದು ಹೋಟೆಲಿನ ಮೂಲೆಯಲ್ಲಿ ಕೂತು ಶಪಥ ಮಾಡಿದರು: ಇನ್ನು ಮೇಲೆ ‘ಅಂತೆ’ ಇಲ್ಲ. ಮುಖ ಮುಖ, ನದಿ ನದಿ. ಅಂದಿನಿಂದ ಕೆಂಪು ಪೆನ್ಸಿಲು ಹಿಡಿದು ಹಸ್ತಪ್ರತಿಯ ಮುಂದೆ ಕೂತನೆಂದರೆ ‘ಅಂತೆ’ ಕಂಡಲ್ಲೆಲ್ಲ ಹೊಡೆಯುತ್ತಿದ್ದ, ಹೇನು ಕುಕ್ಕುವ ಶ್ರದ್ಧೆಯಿಂದ. ಏನು ಸುಖ ಅದರಲ್ಲಿ! ಒಂದೊಂದು ಹೋದ ಹಾಗೆಲ್ಲ ವಾಕ್ಯ ತಲೆ ಕೊಡವಿಕೊಂಡು ಎದ್ದು ನಿಲ್ಲುತ್ತಿತ್ತು. ಆ ಸುಖಕ್ಕಾಗಿಯೇ ತಾನು ಬರೆಯುವುದೇನೋ ಎಂದು ಅನ್ನಿಸುವಷ್ಟು. ಇನ್ನು ಎರಡನೆಯ ಮಾತು: ಕಂಡದ್ದನ್ನು ಬರೆ, ಕಾಣದ್ದನ್ನು ಬರೆಯಬೇಡ. ಇದನ್ನು ಸ್ನಾನದ ಮನೆಯಲ್ಲಿ ಓದಿದಾಗ ಯಾಕೋ ಎರಡು ಸಲ ಕೇಳಿಸಿತ್ತು. ಟೈಲ್ಸು ಹೊಸದು, ಅದಕ್ಕಿರಬೇಕು ಎಂದುಕೊಂಡಿದ್ದ.

ಸಿಗ್ನಲ್ಲಿನ ಹತ್ತಿರ ಒಬ್ಬ ದಪ್ಪ ಮನುಷ್ಯ ಅವನನ್ನೇ ದಿಟ್ಟಿಸಿ, “ನೀವು ಮೆಟ್ಟಿಲಿನ ಕಥೆ ಬರೆದವರಲ್ವಾ?” ಎಂದ. ಅವನು ಕರವಸ್ತ್ರದ ಹಿಂದಿನಿಂದ ತಲೆಯಾಡಿಸಿದ. “ನನ್ ಮಗಳಿಗೆ ಪಾಠ ಇತ್ತು ಸಾರ್. ಹುಡುಗಿ ಯಾಕೆ ಅತ್ತಳು, ಐದು ಅಂಕದ ಪ್ರಶ್ನೆ. ನಾನೇ ಉತ್ತರ ಹೇಳ್ಕೊಟ್ಟೆ. ಪೂರ್ತಿ ಅಂಕ ಬಂತು.” ಅವನು ಮತ್ತೆ ತಲೆಯಾಡಿಸಿದ. ದೀಪ ಹಸಿರಾಯಿತು. ದಪ್ಪ ಮನುಷ್ಯ ರಸ್ತೆಗೆ ಇಳಿಯುತ್ತ, ತುಂಬ ಕಾಳಜಿಯಿಂದ, “ಆಮೇಲೆ ಏನೂ ಬರೀಲಿಲ್ವಾ ಸಾರ್?” ಎಂದ. ಒಂದು ಕಪಾಟು ತುಂಬ ಬರೆದಿದ್ದೇನೆ ಎಂದು ಹೇಳಲು ಬಾಯಿ ತೆರೆದರೆ ಚೂಪು ಹಲ್ಲು ನಾಲಿಗೆಗೆ ತಾಗಿ, “ಹಾ,” ಎಂದಷ್ಟೇ ಬಂತು. ಅದನ್ನು ಆ ಮನುಷ್ಯ ಇಲ್ಲ ಎಂದು ತಿಳಿದು, “ಬರುತ್ತೆ ಬಿಡಿ, ಪ್ರಯತ್ನ ಮಾಡಿ,” ಎಂದು ಧೈರ್ಯ ಹೇಳಿ ಹೋದ.

ಕ್ಲಿನಿಕ್ಕಿನಲ್ಲಿ ಬೇರೆ ಯಾರೂ ಇರಲಿಲ್ಲ. ಒಬ್ಬರಾದರೂ ರೋಗಿ ಇರಲಿ ಎಂದು ಮೆಟ್ಟಿಲು ಹತ್ತುವಾಗ ಹಾರೈಸಿದ್ದು ಫಲಿಸಲಿಲ್ಲ. ಅಕ್ಕ ಕಿಟಕಿಯ ಬಳಿ ಕೂತು ಪತ್ರಿಕೆಯ ಪದಬಂಧ ತುಂಬುತ್ತಿದ್ದವಳು ಕನ್ನಡಕವನ್ನು ಹಣೆಗೇರಿಸಿ ನೋಡಿದಳು. ಅವಳಿಗೆ ಎಪ್ಪತ್ತು ದಾಟಿದೆ, ಕೂದಲು ಕತ್ತರಿಸಿಕೊಂಡಿದ್ದಾಳೆ, ಕೈ ಇನ್ನೂ ನಡುಗುವುದಿಲ್ಲ. ಅವಳ ಮಾತಿಗೆ ಎದುರಾಡಿದವರು ಊರಲ್ಲಿ ಇಲ್ಲ, ಯಾಕೆಂದರೆ ಎದುರಾಡಬೇಕಾದವರ ಬಾಯಲ್ಲಿ ಯಾವಾಗಲೂ ಹತ್ತಿ ಇರುತ್ತದೆ. ರೋಗಿಗಳನ್ನು ಪ್ರಶ್ನೆ ಕೇಳಿ, ತಾನೇ ಉತ್ತರ ಹೇಳಿ, ಆ ಉತ್ತರವನ್ನು ಒಪ್ಪದೆ ಜಗಳವಾಡಿ, ಕೊನೆಗೆ ರಾಜಿಯೂ ಮಾಡಿಕೊಂಡು ಅಭ್ಯಾಸವಾದವಳು.

“ಬಾರೋ ಚೋಟು,” ಎಂದಳು. ಅವನು ಅವಳಿಗಿಂತ ಎರಡು ಗೇಣು ಎತ್ತರ ಬೆಳೆದ ಮೇಲೂ ಆ ಹೆಸರು ಹೋಗಿರಲಿಲ್ಲ. “ಕೊನೆಗೂ ಬಂದ್ಯಾ. ಆ ಮುದುಕ ಬಾಗಿಲು ಹಾಕಿದ ಅಂತ ಕೇಳಿದಾಗ್ಲೇ ಅಂದ್ಕೊಂಡೆ, ಇನ್ನು ನನ್ ತಮ್ಮ ಹಲ್ಲು ಬಿಟ್ಕೊಂಡು ಇಲ್ಲಿಗೇ ಬರ್ಬೇಕು ಅಂತ.”

ಅವಳಿಗೆ ಎಲ್ಲ ಗೊತ್ತಿತ್ತು ಹಾಗಾದರೆ. ಅವನ ಕಿವಿ ಬಿಸಿಯಾಯಿತು.

“ಅಕ್ಕಾ, ಸಂಜೆ ನನಗೆ...”

“ಆ ಅನ್ನು. ಅಕ್ಕಾ ಅನ್ಬೇಡ, ಬರೀ ಆ ಅನ್ನು.”

ಕುರ್ಚಿ ಹಿಂದಕ್ಕೆ ಬಾಗಿತು. ಮೇಲಿನ ದೀಪ, ದೀಪದ ಪಕ್ಕದಲ್ಲಿ ಅಕ್ಕನ ಮುಖ, ಅವಳ ಕನ್ನಡಕದ ಎರಡು ಗಾಜಿನಲ್ಲೂ ಬಾಯಿ ತೆರೆದುಕೊಂಡ ಒಬ್ಬೊಬ್ಬ ಮುದುಕ. ಇಬ್ಬರೂ ನಾನೇ ಎಂದು ಅವನು ಯೋಚಿಸಿದ; ಒಬ್ಬ ಸನ್ಮಾನಿತ, ಒಬ್ಬ ಕಳ್ಳ. ಸೂಜಿ ಒಸಡಿಗೆ ಇಳಿದಾಗ ಕಣ್ಣು ಮುಚ್ಚಿಕೊಂಡ. ಚಿಕ್ಕಂದಿನಲ್ಲಿ ಮೊಣಕಾಲು ತರಚಿಕೊಂಡು ಬಂದರೆ ಅಕ್ಕ ಹೀಗೆಯೇ ಮುಖ ಹತ್ತಿರ ತಂದು ಊದುತ್ತಿದ್ದಳು, ಉರಿ ಹೋಗುವ ತನಕ. ಅಂಥವಳನ್ನು ಮೆಟ್ಟಿಲ ಮೇಲೆ ಕೂರಿಸಿ ಅಳಿಸಿದೆ. ತುಟಿಯ ಬಲಭಾಗ ನಿಧಾನವಾಗಿ ಯಾರದೋ ತುಟಿಯಾಯಿತು. ಕೆನ್ನೆ ಯಾರದೋ ಕೆನ್ನೆಯಾಯಿತು.

“ಸಂಜೆ ಏನು ಹೇಳ್ತೀಯ ಭಾಷಣದಲ್ಲಿ?” ಎಂದು ಕೇಳಿ ಅಕ್ಕ ಬಾಯಿಗೆ ಹತ್ತಿಯ ಉಂಡೆ ತುರುಕಿದಳು. “ಗೊತ್ತು ಬಿಡು. ಕಂಡದ್ದನ್ನ ಬರೀಬೇಕು, ಕಾಣದ್ದನ್ನ ಬರೀಬಾರ್ದು. ಎಲ್ಲಾ ಸಂದರ್ಶನದಲ್ಲೂ ಅದನ್ನೇ ಒದರ್ತೀಯ.” ಡ್ರಿಲ್ಲು ಒಮ್ಮೆ ಗುರ್ ಎಂದು ನಿಂತಿತು. “ಅದಕ್ಕೇ ಕೇಳ್ತೀನಿ. ನಾನು ಮೆಟ್ಟಿಲ ಮೇಲೆ ಕೂತು ಅತ್ತಿದ್ದನ್ನ ನೀನು ಯಾವಾಗ ಕಂಡೆ?”

ಬಂತು. ಇಷ್ಟು ವರ್ಷ ಬೀದಿ ಬದಲಿಸಿ, ಕುರ್ಚಿ ಬದಲಿಸಿ, ಮುದುಕನ ಮೊಂಡು ಇಕ್ಕಳಕ್ಕೆ ಹಲ್ಲು ಒಪ್ಪಿಸಿ ತಪ್ಪಿಸಿಕೊಂಡದ್ದು ಬಂತು. ಅವನ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಕ್ಷಮಿಸು ಎನ್ನಬೇಕು. ಕ್ಷಮಿಸು ಎಂಬ ಮಾತಿಗೆ ತುಟಿ ಕೂಡಬೇಕು, ತುಟಿ ಅವನದಾಗಿರಲಿಲ್ಲ. “ಹ್ಹಾ... ಅಹ್ಹಾ...” ಎಂದ.

“ಕಂಡಿಲ್ಲ ಅಂತ ನನಗೂ ಗೊತ್ತು. ನೀನಾಗ ಹಾಸ್ಟೆಲಲ್ಲಿದ್ದೆ. ರಜಕ್ಕೆ ಬಂದಾಗ ಅಮ್ಮ ಹೇಳಿದ್ದನ್ನ ಕೇಳ್ದೆ. ಅಮ್ಮನಾದ್ರೂ ಏನ್ ಕಂಡ್ಲು? ನಾನು ಮನೆ ಬಾಗಿಲಿಗೆ ಬಂದಾಗ ನನ್ ಮುಖ ಕಂಡ್ಲು, ಅಷ್ಟೇ. ಕಥೆ ಚೆನ್ನಾಗಿದೆ ಕಣೋ, ಇಲ್ಲ ಅನ್ನಲ್ಲ. ಮೊದಲ್ನೇ ಸಲ ಓದಿದಾಗ ನಾನೂ ಗಳಗಳ ಅತ್ತೆ, ಪಾಪ ಯಾರೋ ಈ ಹುಡುಗಿ ಅಂತ. ಆದ್ರೆ ಸಾಲು ಸಾಲಿಗೂ ಒಂದು ‘ಅಂತೆ’ ಬೇಕಿತ್ತಲ್ಲೋ. ಕೂತಿದ್ಲಂತೆ. ಕಾದ್ಲಂತೆ. ಅತ್ಲಂತೆ. ನೀನು ಅಲ್ಲಿರ್ಲೇ ಇಲ್ವಲ್ಲ! ಆ ‘ಅಂತೆ’ ಎಲ್ಲೋಯ್ತು?”

ಎಲ್ಲಿ ಹೋಯಿತು ಎಂದು ಅವನಿಗೆ ಗೊತ್ತಿತ್ತು. ದೀಪದ ಬೆಳಕಿನಲ್ಲಿ ಆ ಮೊದಲ ಕರಡು ಕಣ್ಣಿಗೆ ಕಟ್ಟಿತು. ಅಮ್ಮನ ಬಾಯಿಂದ ಬಂದ ಹಾಗೆಯೇ ಬರೆದುಕೊಂಡಿದ್ದ: ಬೆಳಗಿನಿಂದ ಕೂತೇ ಇದ್ದಳಂತೆ, ನೀರು ಕೂಡ ಕುಡಿಯಲಿಲ್ಲವಂತೆ, ಅತ್ತೂ ಅತ್ತೂ ಕಣ್ಣು ಊದಿಕೊಂಡಿತ್ತಂತೆ. ಆಮೇಲೆ ಕೆಂಪು ಪೆನ್ಸಿಲು. ಶಪಥ ಮಾಡಿದ ಹೊಸ ಹುರುಪು. ‘ಅಂತೆ’ ಕಂಡರೆ ಸಾಕು, ಯಾವ ‘ಅಂತೆ’, ಯಾರ ಮನೆಯದು ಎಂದು ಕೇಳದೆ ಹೊಡೆದದ್ದೇ. ಚಂದ್ರನಂತೆ ಎಂಬ ‘ಅಂತೆ’ಗೂ ಅತ್ತಳಂತೆ ಎಂಬ ‘ಅಂತೆ’ಗೂ ಅಕ್ಷರ ಒಂದೇ, ಕುಲ ಬೇರೆ. ಒಂದು ಹೋಲಿಕೆ ಹೇಳಿ ಮೆರೆಯುತ್ತದೆ. ಇನ್ನೊಂದು, ನಾನು ಕಂಡದ್ದಲ್ಲಪ್ಪ, ಯಾರೋ ಹೇಳಿದ್ದು, ನಿಜವೋ ಸುಳ್ಳೋ ನೀನೇ ನೋಡಿಕೋ ಎಂದು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಕಳೆ ಕೀಳಲು ಹೋಗಿ ಪೈರನ್ನೂ ಕಿತ್ತಿದ್ದ. ಆ ಬೋಳು ನೆಲವನ್ನೇ ಎಲ್ಲರೂ ಸಂಯಮ ಎಂದು ಹೊಗಳಿದರು.

“ಬಾಯಿ ಇನ್ನೂ ಅಗಲ ಮಾಡು. ಹಾಂ. ಈಗ ಹೇಳ್ತೀನಿ ಕೇಳು, ಅಲ್ಲಾಡ್ಬೇಡ. ನಾನು ಅಳ್ಲಿಲ್ಲ.”

ಡ್ರಿಲ್ಲು ಶುರುವಾಯಿತು. ಅಕ್ಕ ಅದರ ಸದ್ದಿಗಿಂತ ದೊಡ್ಡ ದನಿಯಲ್ಲಿ ಮಾತಾಡಿದಳು. ಅದು ಅವಳಿಗೆ ಅಭ್ಯಾಸ.

“ಆ ಹುಡುಗ ಕೆಟ್ಟವನಲ್ಲ. ಆದ್ರೆ ಬಾಯಿ ಬಿಟ್ರೆ ಅವನ ಸ್ಕೂಟರಿನ ಮಾತು. ಸ್ಕೂಟರಿನ ಮಾತು ಮುಗಿದ್ರೆ ಅವನ ಹೊಟ್ಟೆಯ ಮಾತು, ಏನು ತಿಂದೆ, ಏನು ಅರಗ್ಲಿಲ್ಲ ಅಂತ. ಅಪ್ಪ ಆ ಹುಡುಗನ ಅಪ್ಪನಿಗೆ ಮಾತು ಕೊಟ್ಟಾಗಿತ್ತು. ಬೇಡ ಅನ್ನೋ ಧೈರ್ಯ ನನಗಿರ್ಲಿಲ್ಲ. ಬೆಳಿಗ್ಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಹೊತ್ತಾಯ್ತು, ಬರ್ಲಿಲ್ಲ. ಒಂದೊಂದು ಸ್ಕೂಟರ್ ಸದ್ದು ಕೇಳ್ದಾಗ್ಲೂ ಎದೆ ಧಸಕ್ ಅನ್ನೋದು, ಬಂದೇಬಿಟ್ಟ ಅಂತ. ಬೇರೆ ಯಾರೋ ಆಗಿರೋರು. ಅವರನ್ನ ಓಡಿ ಹೋಗಿ ತಬ್ಬಿಕೊಳ್ಳೋಣ ಅನ್ನಿಸೋದು! ಎದ್ದು ಹೋಗೋ ಹಾಗಿಲ್ಲ. ನಾನು ಬಂದಿದ್ದೆ, ನೀನೇ ಇರ್ಲಿಲ್ಲ ಅಂತ ಅವನು ಅಂದುಬಿಟ್ರೆ? ಅದಕ್ಕೇ ಬಾಗಿಲು ಹಾಕೋ ತನಕ ಕಾವಲು ಕೂತೆ. ಅವನು ಬರ್ಲಿ ಅಂತ ಅಲ್ಲ ಕಣೋ, ಎಲ್ಲಿ ಬಂದುಬಿಡ್ತಾನೋ ಅಂತ. ಬೀಗ ಬಿತ್ತು ನೋಡು... ಉಗಿ, ಉಗಿ ಅಲ್ಲಿ.”

ಅವನು ಬಟ್ಟಲಿಗೆ ಉಗಿದ. ಅರ್ಧ ಬಟ್ಟಲಿಗೆ, ಅರ್ಧ ಇಸ್ತ್ರಿ ಮಾಡಿದ ಅಂಗಿಗೆ ಬಿತ್ತು. ಅಕ್ಕ ಅದನ್ನು ತನ್ನ ತೋಳಿನಿಂದಲೇ ಒರೆಸಿದಳು.

“ಬೀಗ ಬಿತ್ತು, ನನಗೆ ನಗು ಬಂತು. ತಡೆಯೋಕೇ ಆಗ್ಲಿಲ್ಲ. ಅಲ್ಲಿಂದ ಮನೆ ತನಕ ನಕ್ಕೊಂಡು ಬಂದೆ, ಕಣ್ಣಲ್ಲಿ ಮೂಗಲ್ಲಿ ನೀರು. ಅಮ್ಮ ಬಾಗಿಲು ತೆಗೆದ್ಲು. ಮುಖ ನೋಡಿದ್ಲು. ಅಯ್ಯೋ ನನ್ ಕಂದ ಅಂತ ತಬ್ಬಿಕೊಂಡು ಅವಳು ಅಳೋಕೆ ಶುರು. ಅವಳು ಅಳೋದು ನೋಡಿ ನನಗೆ ಇನ್ನೂ ನಗು. ಮುಖ ಮುಚ್ಕೊಂಡೆ. ಭುಜ ಕುಲುಕೋದು ನೋಡಿ ಅಪ್ಪನೂ ಅತ್ರು. ಹಂಗಲ್ಲ ಅಂತ ಹೇಳೋಕೆ ಹೊರಟೆ, ಅಷ್ಟ್ರಲ್ಲಿ ಅಪ್ಪ, ಮಗು ಏನು ಕೇಳಿದ್ರೂ ಇಲ್ಲ ಅನ್ಬಾರ್ದು ಅಂದ್ರು. ನಾನು ಹಲ್ಲಿನ ಡಾಕ್ಟರ್ ಓದ್ತೀನಿ ಅಂದೆ. ಒಪ್ಪಿದ್ರು! ನಕ್ಕೆ ಅಂತ ಹೇಳಿದ್ರೆ ಮುಂದಿನ ವಾರವೇ ಇನ್ನೊಬ್ಬ ಸ್ಕೂಟರಿನವನು ಬರ್ತಿದ್ದ.”

ಅವನ ಎದೆಯೊಳಗಿಂದ ಏನೋ ಗುಡುಗುಡು ಎಂದು ಮೇಲೆ ಬಂತು. ಬಾಯಿ ತೆರೆದೇ ಇದ್ದುದರಿಂದ ಅದಕ್ಕೆ ದಾರಿ ಕೇಳಬೇಕಾಗಲಿಲ್ಲ. ಎಂಥ ಸದ್ದು ಅದು! ಕ್ಲಿನಿಕ್ಕಿಗೂ ಟೈಲ್ಸಿನ ಗೋಡೆಯಿದ್ದರೂ ಒಂದೇ ಸಲ ಕೇಳಿಸಿತು.

“ನಗ್ಬೇಡ, ಡ್ರಿಲ್ ಜಾರುತ್ತೆ! ಇನ್ನೂ ಕೇಳು. ನಿನ್ ಕಥೆಯಿಂದ ನನಗೂ ಲಾಭ ಆಯ್ತು. ರೋಗಿಗಳು ಬಂದು, ಆ ಮೆಟ್ಟಿಲಿನ ಹುಡುಗಿ ನೀವೇ ಅಲ್ವಾ ಡಾಕ್ಟ್ರೇ ಅಂತ ಕಣ್ಣು ಒರೆಸ್ಕೋತಾರೆ. ಆಮೇಲೆ ನಾನು ಎಷ್ಟು ನೋಯಿಸಿದ್ರೂ ತುಟಿ ಪಿಟಕ್ ಅನ್ನಲ್ಲ. ಪಾಪ, ಇವಳು ತಿಂದ ನೋವಿನ ಮುಂದೆ ನಮ್ಮದೇನು ಅಂತ.” ಡ್ರಿಲ್ಲು ನಿಂತಿತು. ಅಕ್ಕ ಕನ್ನಡಕ ತೆಗೆದು ಒರೆಸಿದಳು. ಕನ್ನಡಕವಿಲ್ಲದ ಅವಳ ಮುಖವನ್ನು ಅವನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. “ಮೊದಲೇ ಹೇಳ್ಬಹುದಿತ್ತು. ಆದ್ರೆ ಆ ದುಃಖದಲ್ಲಿ ನೀನು ಎಷ್ಟು ಖುಷಿಯಾಗಿದ್ದೆ, ಕೆಡಿಸೋದು ಯಾಕೆ ಅಂತ ಸುಮ್ನಿದ್ದೆ. ಆಮೇಲಾಮೇಲೆ ನೋಡಿದ್ರೆ ನನ್ನ ಕಂಡ್ರೆ ಪೊಲೀಸ್ ಕಂಡ ಕಳ್ಳನ ಹಾಗೆ ಆಡ್ತೀಯ. ನಾನು ಚಪ್ಪಾಳೆ ತಟ್ಟಿದ್ರೂ ಈ ಕಡೆ ನೋಡಲ್ಲ. ಹಲ್ಲು ನೋವಾದ್ರೆ ಊರಾಚೆ ಓಡ್ತೀಯ. ಕಥೆ ಊರಿಗೆ ಇರ್ಲಿ ಕಣೋ ಚೋಟು. ನನಗೆ ನನ್ ತಮ್ಮ ಬೇಕು.”

ಅವನ ಬಾಯಲ್ಲಿ ಹತ್ತಿ ಇತ್ತು. ಅಕ್ಕನ ಕೈಗವಸಿನ ಬೆರಳನ್ನು ಹಿಡಿದುಕೊಂಡ. “ಬಿಡು, ಸಿಮೆಂಟು ಗಟ್ಟಿಯಾಗುತ್ತೆ,” ಎಂದು ಅವಳು ಬಿಡಿಸಿಕೊಂಡಳು, ಆದರೆ ತಕ್ಷಣ ಬಿಡಿಸಿಕೊಳ್ಳಲಿಲ್ಲ.

ಅಕ್ಕ ಕ್ಲಿನಿಕ್ ಮುಚ್ಚಿ ಹಿಂದಿನಿಂದ ಬರುತ್ತೇನೆ ಎಂದಳು. ಬೀದಿಗಿಳಿದಾಗ ಅವನ ಕಾಲು ತಾನಾಗಿಯೇ ಬೇಗಬೇಗ ನಡೆಯುತ್ತಿತ್ತು. ತುಟಿಯ ಬಲಕೊನೆಯಿಂದ ಜೊಲ್ಲು ಇಳಿಯುತ್ತಿದ್ದುದೂ ಗೊತ್ತಾಗಲಿಲ್ಲ. ಎದುರು ಬಂದ ಹೆಂಗಸು ಮಗುವನ್ನು ಪಕ್ಕಕ್ಕೆ ಎಳೆದುಕೊಂಡಾಗ ಗೊತ್ತಾಯಿತು. ಅಕ್ಕ ಅತ್ತಿರಲಿಲ್ಲ! ತಾನು ಕದ್ದ ದುಃಖದ ಗಂಟನ್ನು ಬಿಚ್ಚಿ ನೋಡಿದರೆ ಒಳಗೆ ದುಃಖವೇ ಇರಲಿಲ್ಲ. ಇಷ್ಟು ಹಗುರವಾಗಲು ಒಂದು ಹಲ್ಲು ಮುರಿದರೆ ಸಾಕಿತ್ತು ಎಂದು ಗೊತ್ತಿದ್ದರೆ ಎಂದೋ ಗೋಡೆಗೆ ಬಾಯಿ ಚಚ್ಚಿಕೊಳ್ಳುತ್ತಿದ್ದ. ಹಾಗಾದರೆ ಕಥೆ ಸುಳ್ಳೇ? ಲೇಖಕನ ಅಹಂಕಾರ ಒಂದು ಕ್ಷಣ ಮುಖ ಊದಿಸಿಕೊಂಡಿತು. ಸುಳ್ಳಲ್ಲ, ಅಳುವ ಹುಡುಗಿ ಎಲ್ಲೋ ಒಂದು ಮೆಟ್ಟಿಲ ಮೇಲೆ ಇದ್ದೇ ಇದ್ದಾಳೆ, ಅವಳು ಅಕ್ಕ ಅಲ್ಲ, ಅಷ್ಟೇ. ‘ಅಂತೆ’ ಇದ್ದಿದ್ದರೆ ಕಥೆಗೆ ಒಂದು ಹಿತ್ತಿಲ ಬಾಗಿಲು ಇರುತ್ತಿತ್ತು, ಅಕ್ಕ ಆ ಮೂಲಕ ಎದ್ದು ಹೋಗಬಹುದಿತ್ತು. ತಾನು ಗೋಡೆ ಕಟ್ಟಿ, ಬಿರುಕಿಲ್ಲದ ಗೋಡೆ ಎಂದು ಬೀಗಿದ್ದ. ಮತ್ತೆ, ನಗುವವರನ್ನು ತಾನು ಯಾಕೆ ಬರೆಯಲೇ ಇಲ್ಲ? ದುಃಖ ಕೂತ ಜಾಗ ಬಿಟ್ಟು ಏಳುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ನೋಡಿ ಬರೆದುಕೊಳ್ಳಬಹುದು. ಸಂತೋಷ ಮೂಗಲ್ಲಿ ನೀರು ಸುರಿಸಿಕೊಂಡು ಬೀದಿಯಲ್ಲಿ ಓಡುತ್ತಿರುತ್ತದೆ. ಹಿಡಿಯಬೇಕಾದರೆ ಜೊತೆಗೆ ಓಡಬೇಕು, ಪೆನ್ನು ಹಿಡಿದ ಕೈಗೆ ಅದು ಕಷ್ಟ. ಇದನ್ನು ಉಪನ್ಯಾಸಕ್ಕೆ ಸೇರಿಸಬೇಕು ಎಂದು ಚೀಲಕ್ಕೆ ಕೈ ಹಾಕಿದ. ಹಾಳೆಗಳು ಸಿಕ್ಕವು. ಮೇಲಿನ ಹಾಳೆಯಲ್ಲಿ ‘ಕಂಡದ್ದನ್ನು ಬರೆ’ ಎಂದು ದಪ್ಪಕ್ಷರದಲ್ಲಿ ಇತ್ತು. ಅವನು ಅದನ್ನು ನೋಡಿ ರಸ್ತೆಯಲ್ಲೇ ನಕ್ಕ.

ಸಭಾಂಗಣ ತುಂಬಿತ್ತು. ಉಪನ್ಯಾಸ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿ ಅವನ ಸೊಟ್ಟ ತುಟಿಯನ್ನೂ ಅಂಗಿಯ ಮೇಲಿನ ಕಲೆಯನ್ನೂ ಕಂಡು ಕಂಗಾಲಾದ. “ಹಲ್ಲು,” ಎಂದು ಹೇಳಲು ಹೋದದ್ದು “ಹಳ್ಳು,” ಎಂದಾಯಿತು. ವೇದಿಕೆಗೆ ಹತ್ತಿ “ಬರವಣಿಗೆ” ಎಂದು ಶುರುಮಾಡಿದ. ‘ಬ’ ತುಟಿಯ ಒಂದೇ ಕಡೆಯಿಂದ ಹೊರಟು ‘ವ’ ಆಗಿ ಗಾಳಿಗೆ ಹೋಯಿತು. ಹಾಳೆಗಳನ್ನು ಪಕ್ಕಕ್ಕಿಟ್ಟ. ಅಷ್ಟು ಹೊತ್ತಿಗೆ ಅಕ್ಕ ಒಳಗೆ ಬಂದು, ಮುಂದೆ ಜಾಗವಿಲ್ಲದೆ ಸಾಲುಗಳ ನಡುವೆ ಯಾರೋ ಅಪರಿಚಿತ ಹೆಂಗಸಿನ ಪಕ್ಕ ಕೂತಳು. ಅವನು ಗ್ರಂಥಾಲಯದಿಂದ ತನ್ನ ಕಥಾಸಂಕಲನದ ಪ್ರತಿ ತರಿಸಿಕೊಂಡು, “ಭಾಷಣ ಇಲ್ಲ,” ಎಂದ ನಿಧಾನವಾಗಿ, ಒಂದೊಂದೇ ಅಕ್ಷರ ಜೋಡಿಸಿ. “ಮೆಟ್ಟಿಲಿನ ಕಥೆ ಓದ್ತೀನಿ. ಒಂದು ತಿದ್ದುಪಡಿ ಇದೆ. ಅಚ್ಚಿನ ತಪ್ಪಲ್ಲ, ನಂದೇ.”

ಓದಿದ. “ಹುಡುಗಿ ಬೆಳಿಗ್ಗೆಯೇ ಬಂದು ಮೆಟ್ಟಿಲ ಮೇಲೆ ಕೂತಳಂತೆ.” ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಪಕ್ಕದಲ್ಲಿ ಕೈಚೀಲ ಇಟ್ಟುಕೊಂಡಿದ್ದಳಂತೆ. ಸ್ಕೂಟರಿನ ಸದ್ದು ಬಂದಾಗಲೆಲ್ಲ ತಲೆಯೆತ್ತುತ್ತಿದ್ದಳಂತೆ.” ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಸಭೆ ಮುಂದಕ್ಕೆ ಬಾಗಿತ್ತು. ಯಾರಿಗೂ ಅದು ತಿದ್ದುಪಡಿ ಎನ್ನಿಸಲಿಲ್ಲ. ಮಲಗುವ ಮುನ್ನ ಹಾಸಿಗೆಯ ಪಕ್ಕ ಕೂತು ಅಜ್ಜಿಯೊಬ್ಬಳು ಹೇಳುತ್ತಿರುವ ಹಾಗಿತ್ತು. ತೊದಲು ನಾಲಿಗೆಯೂ ಅದಕ್ಕೆ ಕೂಡಿಬಂತು. ಹಿಂದೆಂದಿಗಿಂತ ಹೆಚ್ಚಾಗಿ, ಹಿಂದೆಂದಿಗಿಂತ ಬೇಗ ಕರವಸ್ತ್ರಗಳು ಹೊರಬಂದವು. ಅವನು ಕಣ್ಣಂಚಿನಿಂದ ಅಕ್ಕನನ್ನು ನೋಡಿದ. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನೆಟ್ಟಗೆ ಕೂತಿದ್ದಳು. “ಕಚೇರಿಗೆ ಬೀಗ ಬಿತ್ತಂತೆ,” ಎಂದು ಓದಿದ. ಅಕ್ಕನ ಭುಜ ಒಮ್ಮೆ ಕುಲುಕಿತು. “ಆಗ, ಸದ್ದಿಲ್ಲದೆ...” ಎಂದು ನಿಲ್ಲಿಸಿದ. ಉಸಿರೆಳೆದುಕೊಂಡ. “ಅತ್ತಳಂತೆ.”

ಅಕ್ಕ ಕೈಯಲ್ಲಿ ಮುಖ ಮುಚ್ಚಿಕೊಂಡು ಮುಂದಿನ ಕುರ್ಚಿಯ ಬೆನ್ನಿಗೆ ಒರಗಿದಳು. ಭುಜಗಳೆರಡೂ ಗಡಗಡ ಅಲುಗುತ್ತಿದ್ದವು. ಪಕ್ಕದ ಹೆಂಗಸು, ಸ್ವತಃ ಕಣ್ಣು ಒರೆಸಿಕೊಳ್ಳುತ್ತಿದ್ದವಳು, ಗಾಬರಿಯಾಗಿ ಅಕ್ಕನ ಬೆನ್ನು ಸವರತೊಡಗಿದಳು. ತನ್ನ ಒದ್ದೆ ಕರವಸ್ತ್ರವನ್ನೇ ಅವಳ ಕೈಗೆ ತುರುಕಿ ಕಿವಿಯಲ್ಲಿ ಏನೋ ಹೇಳಿದಳು. ವೇದಿಕೆಯ ತನಕ ಕೇಳದಿದ್ದರೂ ತುಟಿಯ ಆಕಾರದಿಂದ ಅವನಿಗೆ ತಿಳಿಯಿತು: ಅಳಬೇಡಿ ಅಮ್ಮಾ, ಅಳಬೇಡಿ. ಅಕ್ಕ ತಲೆಯೆತ್ತಿದಳು. ಕಣ್ಣಲ್ಲಿ ಮೂಗಲ್ಲಿ ನೀರು. ಸಾಲುಗಳ ಆಚೆಯಿಂದ ತಮ್ಮನನ್ನೇ ನೋಡಿದಳು.

ಅವನು ಪುಸ್ತಕ ಮೇಲೆತ್ತಿ ಮರೆ ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ನಗು ಹೊಟ್ಟೆಯಿಂದ ಬಂದು ಮುಖದ ಎಡಭಾಗವನ್ನು ಎತ್ತಿ ಹಿಡಿಯಿತು. ಬಲಭಾಗ ಜೋತುಬಿದ್ದೇ ಇತ್ತು. ಕಣ್ಣೀರು ಮಾತ್ರ ಎರಡೂ ಕಡೆಯಿಂದ ಸುರಿಯಿತು. ಕಾರ್ಯದರ್ಶಿ ನೀರಿನ ಲೋಟ ಹಿಡಿದು ಓಡಿ ಬಂದು, ಅವನ ತೋಳು ಹಿಡಿದು, ಮೈಕಿನಲ್ಲಿ ಗದ್ಗದವಾಗಿ, “ಸಾಹಿತಿಗಳು ತುಂಬಾ ಭಾವುಕರಾಗಿದ್ದಾರೆ, ದಯವಿಟ್ಟು ಎಲ್ಲರೂ ಒಂದು ನಿಮಿಷ...” ಎಂದವನು ಮುಂದೆ ಹೇಳಲಾರದೆ ತಾನೂ ಅತ್ತ. ಸಭೆಗೆ ಸಭೆಯೇ ಅಳುತ್ತ ಎದ್ದು ನಿಂತಿತು. ಎದ್ದವರ ಹೆಗಲುಗಳ ನಡುವೆ ಅಕ್ಕನ ಮುಖ ಕಾಣಿಸಿತು, ಮರೆಯಾಯಿತು, ಮತ್ತೆ ಕಾಣಿಸಿತು. ಕೊನೆಗೆ ಅವಳು ಕುರ್ಚಿಯ ಮೇಲೆ ಕೈಯೂರಿ, ಬೆನ್ನು ಸವರುತ್ತಿದ್ದ ಹೆಂಗಸನ್ನೇ ಆಧಾರ ಮಾಡಿಕೊಂಡು, ತುದಿಗಾಲಲ್ಲಿ ಎಲ್ಲರಿಗಿಂತ ಎತ್ತರಕ್ಕೆ ತಲೆಯೆತ್ತಿ ನಿಂತಳು, ತಮ್ಮನಿಗೆ ಕಾಣಲಿ ಎಂದು. ಅವನು ನೋಡಿದ. ನೋಡುತ್ತಲೇ ಇದ್ದ.